ಹೆಸರಿನ ಮೇಲೆ ಬಿದ್ದ ನಗು

ಪ್ರೇಮಾವತಿಯಮ್ಮನ ಎಡಗಿವಿ ಎಷ್ಟು ಮಂದವಾಗಿದೆ ಎಂದು ತೋರಿಸಲು ವರದಾ ಕಂಪ್ಯೂಟರಿನ ಪರದೆಯನ್ನು ಅವರ ಮಗನ ಕಡೆ ತಿರುಗಿಸಿದಳು. ಅಲ್ಲಿ ಕಿವಿಯ ಗ್ರಾಫ್ ಇರಲಿಲ್ಲ. ‘ಏನೂ ಬಾರದವರಿಗಾಗಿ ಹತ್ತು ಒಳ್ಳೆಯ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ಗಳು’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿತ್ತು.

ಮಗ ಅದನ್ನು ಮೇಲಿನಿಂದ ಕೆಳಗಿನವರೆಗೆ ಗಂಭೀರವಾಗಿ ಓದಿದ.

“ಅಮ್ಮನಿಗೆ ಇದರಲ್ಲಿ ಯಾವುದು ಹಾಕಿಸಿದ್ರೆ ಒಳ್ಳೇದು ಮೇಡಂ?”

ವರದಾಳ ಮುಖ ಕೆಂಪಾಯಿತು. ಸಾತಾರಾ ರಸ್ತೆಯ ಈ ಕ್ಲಿನಿಕ್ಕಿನಲ್ಲಿ ಜನರ ಕಿವಿ ಪರೀಕ್ಷಿಸಿ ಮಿಷಿನ್ ಕೂರಿಸುವ ಕೆಲಸ ಅವಳದು. ಇಷ್ಟು ವರ್ಷದಲ್ಲಿ ಇಂಥ ಎಡವಟ್ಟು ಮಾಡಿಕೊಂಡವಳಲ್ಲ. ಅವಸರದಲ್ಲಿ ಆ ಪುಟ ಮುಚ್ಚಿದರೆ ಅದರ ಹಿಂದೆ ಅಂಥದ್ದೇ ಇನ್ನೊಂದು, ಅದನ್ನು ಮುಚ್ಚಿದರೆ ಮತ್ತೊಂದು. ಕಡೆಗೂ ಗ್ರಾಫ್ ಸಿಕ್ಕಿತು.

“ಕ್ಷಮಾ ಮಾಡ್ರಿ. ಅದು ನನ್ನ ಮನಿ ಕೆಲಸದ್ದು.”

ಪ್ರೇಮಾವತಿಯಮ್ಮ ಇದಾವುದೂ ಕೇಳಿಸದೆ ನಗುತ್ತಾ ಕುಳಿತಿದ್ದರು. ವರದಾ ಕನ್ನಡದವಳೆಂದು ಬಾಗಿಲಲ್ಲೇ ಪತ್ತೆಹಚ್ಚಿ, ಮರಾಠಿಯನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬಂದವರು ಅವರು. ಕುಂದಾಪುರದ ಕಡೆಯವರು, ಕಾತ್ರಜದಲ್ಲಿ ಹೋಟೆಲು. ಮಗನ ಹೆಸರು ಸುಖೇಶ್.

“ಯಾವುದನ್ನು ಆರಿಸಿದ್ರಿ?” ಎಂದು ಅವನು ಬಿಡದೆ ಕೇಳಿದ.

“ಎಲ್ಲಿ ಆರಸೂದ್ರಿ. ಒಬ್ಬರು ಛಲೋ ಅಂದದ್ದನ್ನ ಇನ್ನೊಬ್ಬರು ದಂಡ ಅಂತಾರ. ಓದಿ ಓದಿ ತಲಿ ಚಿಟ್ಟು ಹಿಡದದ.”

“ದೋಸೆ ತಿನ್ಲಿಕ್ಕೆ ಬಂದವರು ಅಡುಗೆಮನೆಯನ್ನೇ ಖರೀದಿ ಮಾಡ್ಲಿಕ್ಕೆ ಹೊರಟ ಹಾಗೆ ಆಯ್ತು. ಮೊದಲು ನಿಮಗೆ ಎಂತ ಮಾಡ್ಲಿಕ್ಕೆ ಉಂಟು, ಅದು ಹೇಳಿ.”

‘ಉಂಟು’ ಎಂಬ ಮಾತಿಗೆ ಅವಳ ತುಟಿಯಂಚು ಅಲುಗಿತು. ಅವನು ಅದನ್ನು ಕಂಡ.

“ನಿಮಗೆ ‘ಅದ’, ನಮಗೆ ‘ಉಂಟು’. ಸಾಫ್ಟ್‌ವೇರಿಗೆ ಎರಡೂ ತಿಳಿಯುದಿಲ್ಲ, ಹೆದರಬೇಡಿ.”

ಅವನು ಹೋಟೆಲಿನ ಪೇಜಿಗೆ ತಾನೇ ವಿಡಿಯೋ ಮಾಡುತ್ತಿದ್ದ. ದೋಸೆ ಮಗುಚುವುದು, ಕಾಫಿ ಎತ್ತರದಿಂದ ಸುರಿಯುವುದು, ಅಷ್ಟೇ; ಅದನ್ನೇ ಕತ್ತರಿಸಿ ಜೋಡಿಸಿ ಕೈ ಕುದುರಿಸಿಕೊಂಡಿದ್ದ. ಆ ಮಾತು ಈ ಮಾತು ಬರುತ್ತ ವರದಾ ಹೇಳಿಯೇಬಿಟ್ಟಳು.

“ತಂಗಿ ಲಗ್ನ ಅದ. ನಮ್ಮ ಅಪ್ಪಾ ಈಗಿಲ್ಲ. ಅವರದೊಂದು ಸಣ್ಣ ವಿಡಿಯೋ ಮಾಡಿ ಅವತ್ತು ತೋರಸಬೇಕು ಅಂತ.”

ಸುಖೇಶನ ಮುಖದ ತುಂಟತನ ಹೋಯಿತು. “ಮಧ್ಯಾಹ್ನ ಮೂರರ ಮೇಲೆ ನಮ್ಮಲ್ಲಿ ನೊಣ ಹೊಡೆಯುವ ಹೊತ್ತು,” ಎಂದ. “ಮೇಲೆ ಫ್ಯಾಮಿಲಿ ರೂಮ್ ಖಾಲಿ ಇರ್ತದೆ. ಲ್ಯಾಪ್‌ಟಾಪ್ ಹಿಡ್ಕೊಂಡು ಬನ್ನಿ.”

ಅವಳು ಹೋಗಲಾರೆನೆಂದೇ ಅಂದುಕೊಂಡಿದ್ದಳು. ಎರಡು ದಿನ ಕಳೆದ ಮೇಲೆ ಹೋದಳು.

ಹೋಗುವಂತೆ ಮಾಡಿದ್ದು ಒಂದು ಪುಕ್ಕಟೆ ಆ್ಯಪ್. ಮೊಬೈಲಿನಲ್ಲಿ ಹಾಕಿಕೊಂಡು, ಅರ್ಧ ದಿನ ತಿಣುಕಿ, ಅಪ್ಪನ ಒಂದು ಸಣ್ಣ ತುಣುಕನ್ನು ಹೇಗೋ ಹೊರತೆಗೆದಿದ್ದಳು. ನೋಡಿದರೆ ಅಪ್ಪನ ಹಣೆಯ ಮೇಲೆ ಅಡ್ಡಡ್ಡಲಾಗಿ ಆ ಕಂಪನಿಯ ಹೆಸರು. ಗಂಧ ಹಚ್ಚುವ ಜಾಗದಲ್ಲೇ. ಅವಳಿಗೆ ಅಳು ಬಂದುಬಿಟ್ಟಿತ್ತು.

“ವಾಟರ್‌ಮಾರ್ಕ್,” ಎಂದ ಸುಖೇಶ್, ಲ್ಯಾಪ್‌ಟಾಪಿನ ಎದುರು ಕುರ್ಚಿ ಎಳೆದುಕೊಳ್ಳುತ್ತ. “ದುಡ್ಡು ಕೊಟ್ರೆ ತೆಗೀತಾರೆ. ಆದ್ರೆ ಇದು ಬರದೇ ಇರುವ ಪುಕ್ಕಟೆಯದ್ದೂ ಉಂಟು. ಮತ್ತೆ ಇದೆಂತ, ಈ ದೊಡ್ಡದನ್ನು ಯಾಕೆ ಹಾಕ್ಕೊಂಡ್ರಿ?”

“ಸಿನಿಮಾದವರು ಅದನ್ನ ವಾಪರಸ್ತಾರ ಅಂತ ಬರದಿದ್ರು.”

ಅದನ್ನು ತೆರೆದಾಗ ಅವಳ ಹಳೆಯ ಲ್ಯಾಪ್‌ಟಾಪ್ ಹೋಟೆಲಿನ ಮಿಕ್ಸರಿನಂತೆ ಸದ್ದು ಮಾಡಿತು. ಸುಖೇಶ್ ಅದನ್ನು ತಟ್ಟನೆ ಮುಚ್ಚಿದ. ನಿಮ್ಮ ಲ್ಯಾಪ್‌ಟಾಪ್ ಎಳೆಯುವಷ್ಟು ಹಗುರ ಇರಬೇಕು, ಹಣೆ ಮೇಲೆ ಹೆಸರು ಹೊಡೆಯಬಾರದು, ಒಂದು ವರ್ಷದ ಹಣ ಮುಂಚೆಯೇ ಕೇಳಬಾರದು, ಉಳಿದದ್ದು ನಿಮ್ಮ ಕೈಗೆ ಯಾವುದು ಹಿತವೋ ಅದೇ, ಎಂದ. ಒಂದು ಸಣ್ಣ ಸಾಫ್ಟ್‌ವೇರ್ ಹಾಕಿಕೊಟ್ಟ. ಕಿಟಕಿಯಲ್ಲಿ ಮೂರೇ ಭಾಗ: ಎಡಕ್ಕೆ ವಿಡಿಯೋಗಳು, ಬಲಕ್ಕೆ ನೋಡುವ ಪರದೆ, ಕೆಳಗೆ ಉದ್ದಕ್ಕೆ ಚಾಚಿಕೊಂಡ ಪಟ್ಟಿ. ಪಟ್ಟಿಯ ಮೇಲೆ ಒಂದು ಕತ್ತರಿಯ ಚಿತ್ರ.

“ಈಗ ಹೇಳಿ. ಎಂತ ಕತ್ತರಿಸ್ಲಿಕ್ಕೆ ಉಂಟು?”

ಕೆಳಗೆ ರಸ್ತೆಯಲ್ಲಿ ಕೊಲ್ಹಾಪುರದ ಬಸ್ಸಿನ ಕಂಡಕ್ಟರ್ ಜನರನ್ನು ಕೂಗುತ್ತಿದ್ದ.

“ಒಬ್ಬ ಮನಷ್ಯಾನ್ನ,” ಎಂದಳು ವರದಾ.

ಸುಖೇಶ್ ಅವಳನ್ನೇ ನೋಡಿದ.

“ಇದು ನನ್ನ ಲಗ್ನದ ವಿಡಿಯೋ. ಗಂಡನ್ನ ತಗದು ಅಪ್ಪನ್ನ ಇಟ್ಕೋಬೇಕು.”

ಮಂದಾರನನ್ನು ಹುಡುಕಿದ್ದು ಅಪ್ಪನೇ. ಒಳ್ಳೆಯ ಮನೆತನ, ಒಳ್ಳೆಯ ನೌಕರಿ, ಮಾತು ಬೆಣ್ಣೆ. ಬಾಗಿಲು ಹಾಕಿದ ಮೇಲೆ ಆ ಮಾತು ಬೇರೆ. ಯಾರಿಗೆ ಫೋನು ಮಾಡಿದೆ, ಯಾಕೆ ನಕ್ಕೆ, ಕ್ಲಿನಿಕ್ಕಿನಲ್ಲಿ ಗಂಡಸರ ಕಿವಿಯನ್ನೂ ನೀನೇ ಮುಟ್ಟುತ್ತೀಯಾ. ಎರಡು ವರ್ಷ ಸಹಿಸಿ ಒಂದು ಬೆಳಿಗ್ಗೆ ಅವಳು ರಿಕ್ಷಾ ಮಾಡಿಕೊಂಡು ಧನಕವಡಿಯ ತವರಿಗೆ ಬಂದಿದ್ದಳು. ಅಪ್ಪ ಏಕನಾಥರಾವ್ ಬಾಗಿಲು ತೆರೆದವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಚೀಲ ಒಳಗಿಟ್ಟು ಚಹಾಕ್ಕೆ ನೀರಿಟ್ಟರು. ಮುಂದೆ ವಿಚ್ಛೇದನವೂ ಆಯಿತು. ಆದರೆ ಅಂದಿನಿಂದ ಅವರ ನಗು ನಿಂತಿತು. “ನಾನss ನೋಡಿ ಕೊಟ್ಟೆ,” ಎಂದು ಊಟದ ನಡುವೆ ಸುಮ್ಮನೆ ಅಂದುಬಿಡುವರು. ಕೊರೊನಾದ ಎರಡನೇ ಅಲೆಯಲ್ಲಿ ಹೋದರು. ಆಸ್ಪತ್ರೆಯವರು ಮುಖ ಕೂಡ ಸರಿಯಾಗಿ ತೋರಿಸಲಿಲ್ಲ.

ಮನೆಯಲ್ಲಿ ಅವರ ಫೋಟೋಗಳಿವೆ. ‘ಬರುವಾಗ ಕೊತ್ತಂಬರಿ ತಗೊಂಡು ಬಾ’ ಎಂಬಂಥ ಮೊಬೈಲಿನ ನಾಲ್ಕು ಮಾತುಗಳಿವೆ. ನಡೆದಾಡುವ, ಮಾತಾಡುವ, ನಗುವ ಅಪ್ಪ ಇರುವುದು ಆ ಮದುವೆಯ ಹಾರ್ಡ್ ಡಿಸ್ಕಿನಲ್ಲಿ ಮಾತ್ರ. ಅದನ್ನು ಮನೆಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ. ತಂಗಿ ಸುರಭಿಯ ಮದುವೆ ನಿಶ್ಚಯವಾದ ದಿನ ಅವಳು ಅಕ್ಕನ ಹೆಗಲ ಮೇಲೆ ತಲೆಯಿಟ್ಟು, “ನನ್ನ ಲಗ್ನದಾಗ ಅಪ್ಪನ ದನೀನss ಇರೂದಿಲ್ಲಲಾ ಅಕ್ಕಾ,” ಎಂದು ಅತ್ತಿದ್ದಳು. ಇರುತ್ತದೆ, ನಾನು ತರುತ್ತೇನೆ, ಎಂದು ವರದಾ ಮಾತು ಕೊಟ್ಟಿದ್ದಳು. ಆಯಿಗೆ, ಎಂದರೆ ತಾಯಿಗೆ, ಹೇಳಿದಾಗ ಅವರು ಒಂದೇ ಕರಾರು ಹಾಕಿದರು. ಆ ಮನುಷ್ಯನ ಮುಖ ಕಾಣಬಾರದು, ಹೆಸರು ಕೇಳಬಾರದು.

ಇಷ್ಟನ್ನೂ ವರದಾ ಆ ಫ್ಯಾಮಿಲಿ ರೂಮಿನಲ್ಲಿ ತಣ್ಣಗೆ, ಯಾರದೋ ಕಥೆಯೆಂಬಂತೆ ಹೇಳಿದಳು. ಸುಖೇಶ್ ಅಯ್ಯೋ ಎನ್ನಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎದ್ದು ಹೋಗಿ ಅವಳಿಗೊಂದು ಕಾಫಿ ತಂದಿಟ್ಟು, “ಶುರು ಮಾಡುವ,” ಎಂದ.

ಅವಳಿಗೆ ಕತ್ತರಿ ಒತ್ತಲು ಧೈರ್ಯವಾಗಲಿಲ್ಲ. ಮೊದಲ ದಿನವೂ ಇಲ್ಲ, ಎರಡನೇ ದಿನವೂ ಇಲ್ಲ. ಕೈ ಆ ಚಿತ್ರದವರೆಗೆ ಹೋಗಿ ನಿಲ್ಲುತ್ತಿತ್ತು. ಮೂರನೇ ದಿನ ಅವನು ಮೆಲ್ಲಗೆ ಕೇಳಿದ.

“ಎಂತ ಹೆದರಿಕೆ?”

“ಕತ್ತರಿಸಿದ ಮ್ಯಾಲೆ ಅಪ್ಪಾ ಮತ್ತ ಸಿಗಲಿಲ್ಲ ಅಂದ್ರ?”

ಆಗ ಅವನಿಗೆ ತಿಳಿಯಿತು. ಇಲ್ಲಿ ಕತ್ತರಿಸಿದರೆ ಮೂಲದ ವಿಡಿಯೋ ಕೂಡ ತುಂಡಾಗುತ್ತದೆ ಎಂದು ಅವಳು ನಂಬಿದ್ದಳು. ಅವನು ನಗಲಿಲ್ಲ. ತನ್ನ ಒಂದು ಹಳೆಯ ವಿಡಿಯೋ ತೆಗೆದು, ಅದನ್ನು ಪಟ್ಟಿಯ ಮೇಲೆ ಚೂರುಚೂರು ಮಾಡಿ, ಮೂಲವನ್ನು ಮತ್ತೆ ತೆರೆದು ತೋರಿಸಿದ. ಅದು ಇದ್ದ ಹಾಗೇ ಇತ್ತು.

“ಇಲ್ಲಿ ನೀವು ಎಷ್ಟು ಕತ್ತರಿಸಿದ್ರೂ ಅಲ್ಲಿ ಎಂತದೂ ಆಗುದಿಲ್ಲ. ಅವರು ಹಾಗೆಯೇ ಇರ್ತಾರೆ.”

ವರದಾ ಕತ್ತರಿ ಒತ್ತಿದಳು. ಕಣ್ಣು ತುಂಬಿಕೊಂಡು ಪರದೆ ಮಸುಕಾಯಿತು. ಸುಖೇಶ್ ಕಿಟಕಿಯಾಚೆ ಬಸ್ಸುಗಳನ್ನು ನೋಡುತ್ತ ಕುಳಿತ.

ಅಲ್ಲಿಂದ ಕೆಲಸ ಓಡಿತು. ಅಪ್ಪ ಪಂಕ್ತಿಯಲ್ಲಿ ನಿಂತು ಹೋಳಿಗೆ ಬಡಿಸುವುದು. ಅಪ್ಪ ಭಟ್ಟರ ಜೊತೆ ಮಂತ್ರದ ಬಗ್ಗೆ ವಾದ ಹಾಕುವುದು. ಅಪ್ಪ ಧೋತರದ ಚುಂಗು ಹಿಡಿದು ಯಾರನ್ನೋ ಹುಡುಕುವುದು. ಮಂದಾರ ಬಂದ ಕಡೆ ಕತ್ತರಿ. ಪಕ್ಕದಲ್ಲಿ ನಿಂತ ಕಡೆ ಚಿತ್ರವನ್ನು ಹಿಗ್ಗಿಸಿ ಅವನನ್ನು ಚೌಕಟ್ಟಿನಾಚೆ ತಳ್ಳುವುದು. ಇದನ್ನು ಕ್ರಾಪ್ ಎನ್ನುತ್ತಾರೆ ಎಂದು ಅವನು ಹೇಳಿಕೊಟ್ಟಾಗ, “ಇಷ್ಟು ಸರಳ ಇತ್ತೇನ್ರಿ ಅವನನ್ನ ಹೊರಗ ಹಾಕೂದು,” ಎಂದು ಅವಳು ಮೊದಲ ಸಲ ನಕ್ಕಳು.

ಆ ನಗುವನ್ನು ಸುಖೇಶ್ ನೋಡಿದ. ಆಮೇಲೆ ಪರದೆಯ ಮೇಲೆ ಹಳದಿ ಸೀರೆಯುಟ್ಟು, ಬಾಸಿಂಗ ಕಟ್ಟಿಕೊಂಡು ಕುಳಿತಿದ್ದ ವರದಾಳನ್ನು ನೋಡಿದ. ಮತ್ತೆ ಇವಳನ್ನು ನೋಡಿದ.

“ಏನ್ ನೋಡ್ತೀರಿ?”

“ಅಲ್ಲಿರುವವರು ತುಂಬ ನಗ್ತಾರೆ. ಇಲ್ಲಿರುವವರು ಜಿಪುಣರು.”

“ಅಕಿಗೆ ಮುಂದಿನದು ಏನೂ ಗೊತ್ತಿರಲಿಲ್ರಿ.”

“ಇರಬಹುದು,” ಎಂದು ಅವನು ಪರದೆಯತ್ತಲೇ ಮುಖ ಮಾಡಿ ಹೇಳಿದ. “ಆದ್ರೂ ನಾನು ಕಾಯುವುದು ಇಲ್ಲಿಯವರ ನಗುವಿಗೆ.”

ವರದಾ ಮೌಸನ್ನು ಸುಮ್ಮನೆ ಅತ್ತಿತ್ತ ಆಡಿಸಿದಳು. ಇಂಥದಕ್ಕೆಲ್ಲ ಇನ್ನು ತನ್ನಲ್ಲಿ ಜಾಗವಿಲ್ಲ ಎಂದು ಅವಳು ಎಷ್ಟೋ ಹಿಂದೆ ತೀರ್ಮಾನ ಮಾಡಿಕೊಂಡಿದ್ದಳು. ಆ ದಿನ ಮನೆಗೆ ಹೊರಟಾಗ ಅವನು ಮೆಟ್ಟಿಲವರೆಗೆ ಬಂದ; ಅವಳು ತಿರುಗಿ ನೋಡಬಾರದೆಂದುಕೊಂಡೇ ಎರಡು ಸಲ ತಿರುಗಿ ನೋಡಿದಳು.

ಹೀಗೆ ಎಲ್ಲ ಮುಗಿಯುತ್ತ ಬಂದು, ಉಳಿದದ್ದು ಒಂದೇ ತುಣುಕು. ಅದಕ್ಕಾಗಿಯೇ ವರದಾ ಇಷ್ಟೆಲ್ಲ ಮಾಡಿದ್ದು.

“ನಮ್ಮ ಕಡೆ ಗಂಡನ ಹೆಸರು ಬರೇ ಹೇಳೂದಿಲ್ರಿ, ಒಡಪು ಕಟ್ಟಿ ಹೇಳಬೇಕು,” ಎಂದು ಅವಳು ವಿವರಿಸಿದಳು.

“ಮರಾಠಿಯವರು ಉಖಾಣೆ ಅಂತಾರಲ್ಲ, ಅದೇ?”

“ಹ್ಞೂಂ, ಅದss. ನನ್ನ ಒಡಪು ಅಪ್ಪಾ ಬರಕೊಟ್ಟಿದ್ರು. ಆದರ ಹೇಳೋವಾಗ ನಾ ಎರಡನೇ ಸಾಲು ಬದಲಿ ಮಾಡಿದೆ. ಅವರಿಗೆ ಗೊತ್ತಿರಲಿಲ್ಲ.”

ಏಕನಾಥರಾವ್‌ಗೆ ಒಂದು ಚಟವಿತ್ತು. ಮನೆಗೆ ಬಂದ ನೆಂಟರು ಹೊರಟರೆ ಕಾತ್ರಜದವರೆಗೂ ಹೋಗಿ, ಬೇಡ ಬೇಡವೆಂದರೂ ಬಸ್ಸಿನ ಟಿಕೀಟು ತಾವೇ ತೆಗೆಸಿಕೊಡುವುದು. ಊರಿಗೆಲ್ಲ ಗೊತ್ತಿದ್ದ ಚಟ ಅದು. ಅವಳು ವಿಡಿಯೋ ಓಡಿಸಿದಳು. ಹೆಂಗಸರೆಲ್ಲ ಸುತ್ತುವರಿದು, ಹೇಳು ಹೇಳು ಎನ್ನುತ್ತಿದ್ದಾರೆ. ಮದುಮಗಳು ತಲೆ ತಗ್ಗಿಸಿ, ಓರೆಗಣ್ಣಲ್ಲಿ ಅಪ್ಪನನ್ನು ನೋಡಿ, ಹೇಳುತ್ತಾಳೆ:

“ಕಾತ್ರಜ ಘಾಟಿನ್ಯಾಗ ಬಸ್ಸು ನಿಂತಾವ ಸಾಲಾಗಿ,
ಟಿಕೀಟು ಅಪ್ಪಂದss, ಹೊಂಟೀನಿ ಮಂದಾರ ಅವರಿಗೆ ಜೋಡಾಗಿ.”

ಟಿಕೀಟು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಪ್ಪ ನಕ್ಕರು. ಅದೇನು ಸಣ್ಣ ನಗುವೇ? ಮೊದಲು ಒಂದು ಉಸಿರು ಒಳಗೆಳೆದು, ಆಮೇಲೆ ಹೊಟ್ಟೆಯಿಂದ ಎದ್ದು ಬಂದು, ಕೊನೆಗೆ ಕೆಮ್ಮಾಗಿ, ಕಣ್ಣೊರೆಸಿಕೊಳ್ಳುವವರೆಗೂ ನಡೆದ ನಗು. ಕೂಡಿದ ಜನರೆಲ್ಲ ಆ ನಗುವಿಗೇ ನಕ್ಕರು. ಟಿಕೀಟಿಗೆ ಎಳೆದ ಆ ಉಸಿರು ನಗುವಾಗಿ ಒಡೆಯುವುದು ಸರಿಯಾಗಿ ‘ಮಂದಾರ’ ಎಂಬ ಹೆಸರಿನ ಮೇಲೆ. ಹೆಸರು ತೆಗೆದರೆ ನಗುವಿನ ಬುಡ ಹೋಗುತ್ತದೆ. ನಗು ಬೇಕೆಂದರೆ ಹೆಸರೂ ಜೊತೆಗೇ ಬರುತ್ತದೆ.

“ಇದನ್ನ ಬೇರೆ ಮಾಡೋ ಸಾಫ್ಟ್‌ವೇರ್ ಯಾವುದಾದರೂ ಅದ ಏನ್ರಿ? ಅದಕ್ಕss ನಾ ಅವತ್ತು ಹುಡಕಲಿಕ್ಕೆ ಹತ್ತಿದ್ದೆ.”

ಸುಖೇಶ್ ಆ ವಿಡಿಯೋವನ್ನು ತನ್ನ ಕಂಪ್ಯೂಟರಿಗೂ ಹಾಕಿಕೊಂಡು ಒಂದಾದ ಮೇಲೊಂದು ಪ್ರಯತ್ನಿಸಿದ. ಒಂದು ಸಾಫ್ಟ್‌ವೇರ್ ವಾಲಗದ ಸದ್ದನ್ನು ಚೆನ್ನಾಗಿ ತೆಗೆಯಿತು. ಇನ್ನೊಂದು ಜನರ ಗದ್ದಲವನ್ನು ತೆಗೆಯಿತು. ಹೆಸರೂ ನಗುವೂ ಎರಡೂ ಮನುಷ್ಯರ ದನಿಯೇ, ಒಂದರೊಳಗೊಂದು ಸೇರಿಕೊಂಡದ್ದು. ಬಿಡಿಸಲು ಹೋದಾಗ ಅಪ್ಪನ ದನಿ ತಗಡಿನ ಡಬ್ಬಿಯೊಳಗಿಂದ ಬಂದಂತಾಯಿತು. ವರದಾ ಕಿವಿ ಮುಚ್ಚಿಕೊಂಡಳು. ಮದುವೆ ಹತ್ತಿರ ಬರುತ್ತಿತ್ತು. “ಆ ಹೆಸರು ಬರೂದಿದ್ರ ವಿಡಿಯೋನss ಬ್ಯಾಡ. ಸುರಭಿ ಬಾಳಿಗೆ ಅಪಶಕುನ,” ಎಂದು ಆಯಿ ಇನ್ನೊಮ್ಮೆ ಹೇಳಿದರು.

ಒಂದು ದಿನ ಸುಖೇಶನೇ ಫೋನು ಮಾಡಿ ಕರೆದ. ದನಿಯಲ್ಲಿ ಸಂಭ್ರಮವಿತ್ತು. ಹೆಡ್‌ಫೋನನ್ನು ಅವಳ ಕೈಗೆ ಕೊಟ್ಟು, ಎದುರು ನಿಂತು ಅವಳ ಮುಖವನ್ನೇ ನೋಡತೊಡಗಿದ.

ವರದಾ ಕೇಳಿದಳು. ಬಸ್ಸು, ಸಾಲು, ಟಿಕೀಟು ಅಪ್ಪಂದು. ಆಮೇಲೆ ನಗು. ಹೆಸರಿಲ್ಲ.

ಅವಳು ಮತ್ತೊಮ್ಮೆ ಕೇಳಿದಳು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

“ಇದು ಎಲ್ಲಿದು?”

“ಯಾವುದು?”

“ಈ ನಗೂ. ಇದು ಅಲ್ಲೀದಲ್ಲ.”

ಸುಖೇಶನ ಮುಖ ಸಣ್ಣದಾಯಿತು. ಊಟದ ಪಂಕ್ತಿಯಲ್ಲಿ ಅಪ್ಪ ಯಾರಿಗೋ ನಕ್ಕದ್ದಿತ್ತು. ಅದನ್ನು ತಂದು, ತುಸು ಎಳೆದು, ದನಿ ಏರಿಸಿ, ಹೆಸರಿದ್ದ ಜಾಗಕ್ಕೆ ಕೂರಿಸಿದ್ದ. ಯಾರಿಗೂ ತಿಳಿಯದಷ್ಟು ನಾಜೂಕಾಗಿ ಮಾಡಿದ್ದ. ಆದರೆ ಇಡೀ ದಿನ ದನಿಗಳ ನಡುವೆಯೇ ಕೆಲಸ ಮಾಡುವವಳಿಗೆ, ಅದೂ ತನ್ನ ಅಪ್ಪನ ದನಿ ತಿಳಿಯದೇ?

“ಅಪ್ಪಾ ನಗೂಕಿಂತ ಮೊದಲು ಉಸಿರು ಎಳಕೊಳ್ತಾರ. ಇದರಾಗ ಉಸಿರss ಇಲ್ಲ. ಪಂಕ್ತ್ಯಾಗ ಅವರು ಬೀಗರಿಗೆ ಮರ್ಯಾದಿಗೆ ನಕ್ಕದ್ದು ಅದು. ನನ್ನ ಸಲುವಾಗಿ ನಕ್ಕದ್ದಲ್ಲ.” ಅವಳ ದನಿ ಏರಲಿಲ್ಲ, ಅದಕ್ಕೇ ಕೇಳಲು ಕಷ್ಟವಾಯಿತು. “ಖೊಟ್ಟಿ ನಗೂ ಹಚ್ಚಿ ನನಗ ನಮ್ಮ ಅಪ್ಪನ್ನ ಕೊಡ್ತೀರೇನ್ರಿ? ಬಾಯಿಲೆ ಬೆಣ್ಣಿಯಂಥಾ ಮಾತು, ಒಳಗ ಬ್ಯಾರೆ. ಅದನ್ನ ನಾ ಎರಡು ವರ್ಷ ಕೇಳಿ ಬಂದಾಕಿ.”

ಅವಳು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದುಬಿಟ್ಟಳು. ಈ ಸಲ ತಿರುಗಿ ನೋಡಲಿಲ್ಲ.

ಸಿಟ್ಟು ಎರಡು ದಿನವಿತ್ತು. ಆಮೇಲೆ ಉಳಿದದ್ದು ನೋವು. ಅವನನ್ನು ಮಂದಾರನ ಪಕ್ಕಕ್ಕೆ ನಿಲ್ಲಿಸಿ ಮಾತಾಡಿದ್ದು ತಪ್ಪಾಯಿತೆಂದು ಗೊತ್ತಿತ್ತು. ಆದರೂ ಫೋನು ಮಾಡಲು ಮನಸ್ಸು ಬರಲಿಲ್ಲ. ಅವನೂ ಮಾಡಲಿಲ್ಲ. ಮಧ್ಯಾಹ್ನ ಮೂರಾದರೆ ಅವಳ ಕಣ್ಣು ಗಡಿಯಾರದ ಕಡೆ ತಾನಾಗಿ ಹೋಗುತ್ತಿತ್ತು. ಮನಸ್ಸು ಅವನ ಕಡೆ ಇಷ್ಟು ವಾಲುವವರೆಗೂ ನಾನೇನು ಕಣ್ಣು ಮುಚ್ಚಿಕೊಂಡಿದ್ದೆನೇ, ಎಂದು ತನ್ನನ್ನೇ ಬೈದುಕೊಂಡಳು.

ಭಾನುವಾರ ಆಯಿ ಮತ್ತು ಸುರಭಿ ಸೀರೆ ಅಂಗಡಿಗೆ ಹೋದಾಗ ಅವಳು ಒಬ್ಬಳೇ ಲ್ಯಾಪ್‌ಟಾಪ್ ತೆರೆದಳು. ಸಹಾಯಕ್ಕೆ ಯಾರಿಲ್ಲದಿದ್ದರೂ ಕೈ ತಡವರಿಸಲಿಲ್ಲ. ಒಡಪಿನ ತುಣುಕನ್ನು ಮತ್ತೆ ಮತ್ತೆ ಓಡಿಸಿದಳು. ಇಷ್ಟು ದಿನ ಅವಳು ಕೇಳಿದ್ದು ಹೆಸರನ್ನು. ಇಂದು ಅಪ್ಪನ ಕಣ್ಣು ಕಂಡಿತು. ಅವರು ಅಳಿಯನ ಕಡೆ ನೋಡಿಯೇ ಇಲ್ಲ. ನೋಡುತ್ತಿದ್ದುದು ಮಗಳನ್ನು. ಯಾರ ಹೆಸರಿದ್ದರೂ ಅವರು ಹಾಗೇ ನಗುತ್ತಿದ್ದರು. ಆ ಹೆಸರನ್ನು ಅವರು ಕೇಳಿಸಿಕೊಂಡೇ ಇರಲಿಕ್ಕಿಲ್ಲ.

ವರದಾ ಆ ತುಣುಕಿಗೆ ಕತ್ತರಿ ಹಾಕಲಿಲ್ಲ. ಇದ್ದ ಹಾಗೇ ಎತ್ತಿ ಕೊನೆಗಿಟ್ಟಳು.

ಮರುದಿನ ಕ್ಲಿನಿಕ್ಕಿಗೆ ಪ್ರೇಮಾವತಿಯಮ್ಮ ಬಂದರು, ಒಬ್ಬರೇ. ಹೊಸ ಮಿಷಿನ್ನಿನ ದನಿ ತುಸು ಇಳಿಸಬೇಕಂತೆ.

“ಈಗ ಎಲ್ಲ ಕೇಳ್ತದೆ ಮಗಳೇ. ಪಕ್ಕದ ಮನೆಯವರು ಬೈಯುವುದೂ ಕೇಳ್ತದೆ,” ಎಂದು ನಕ್ಕು, ತಟ್ಟನೆ ದನಿ ತಗ್ಗಿಸಿ ಕೇಳಿದರು. “ಒಂದು ವಿಷಯ ಹೇಳು. ನಮ್ಮ ಸುಖೇಶ ದಿನಾ ಕೋಣೆಯಲ್ಲಿ ಒಬ್ಬರು ನಗುವುದನ್ನು ಹಾಕಿ ಹಾಕಿ ಕೇಳ್ತಾನೆ. ಕೇಳಿದ್ರೆ ಹೇಳುದಿಲ್ಲ. ಯಾರದು?”

ವರದಾಳ ಕೈ ನಿಂತಿತು.

“ನಮ್ಮ ಅಪ್ಪನದ್ರಿ.”

“ಒಳ್ಳೆ ನಗು. ಮೊದಲು ಉಸಿರು ಎಳ್ಕೊಂಡು ಆಮೇಲೆ ನಗ್ತಾರೆ, ಅಲ್ಲವಾ? ಕೇಳಿ ಕೇಳಿ ನನಗೂ ನಗು ಬರ್ತದೆ.”

ಅವರು ಹೋದ ಮೇಲೆ ವರದಾ ಬಾಗಿಲು ಹಾಕಿಕೊಂಡು ಸುಮ್ಮನೆ ಕುಳಿತಳು. ಆಮೇಲೆ ಮೊಬೈಲ್ ತೆಗೆದು ಬರೆದಳು: ‘ಸಂಜೀಮುಂದ ಮನೀಗೆ ಬರ್ರಿ. ವಿಡಿಯೋ ಆಗೇದ. ಆಯಿ ನೋಡೋವಾಗ ನೀವೂ ಇರಬೇಕು.’

ಅವನು ಬಂದ. ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೋಟೆಲಿನಿಂದ ಒಂದು ಪೊಟ್ಟಣ ಮೈಸೂರುಪಾಕ ಹಿಡಿದುಕೊಂಡು. ಪರೀಕ್ಷೆಗೆ ಬಂದವನಂತೆ ಸೋಫಾದ ತುದಿಯಲ್ಲಿ ಕುಳಿತ. ಆಯಿ ಕೃಷ್ಣಾಬಾಯಿ ಅವನನ್ನು ಒಮ್ಮೆ ಮೇಲೆ ಕೆಳಗೆ ನೋಡಿ ಟಿವಿಯ ಕಡೆ ತಿರುಗಿದರು. ಸುರಭಿ ನೆಲದ ಮೇಲೆ, ಮೊಣಕಾಲು ಅಪ್ಪಿಕೊಂಡು ಕುಳಿತಳು. ವರದಾ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದಳು.

“ಆಯಿ, ಹೆಸರು ಅದ,” ಎಂದು ಮೊದಲೇ ಹೇಳಿದಳು. “ಒಂದss ಕಡೆ. ಪೂರಾ ನೋಡು. ಆಮ್ಯಾಲೂ ಬ್ಯಾಡ ಅಂದ್ರ ನಾ ಹಟಾ ಹಿಡ್ಯಂಗಿಲ್ಲ, ತೋರಸೂದss ಬ್ಯಾಡ.”

ಆಯಿಯ ಹುಬ್ಬು ಗಂಟಾಯಿತು. ಆದರೂ ಕುಳಿತರು.

ಅಪ್ಪ ಹೋಳಿಗೆ ಬಡಿಸಿದರು. ಭಟ್ಟರ ಜೊತೆ ವಾದ ಹಾಕಿದರು. ಧೋತರದ ಚುಂಗು ಹಿಡಿದು ಮಂಟಪವೆಲ್ಲ ಓಡಾಡಿದರು. ಸುರಭಿ ಅಳುತ್ತಿದ್ದಳು, ಸದ್ದಿಲ್ಲದೆ. ಕೊನೆಗೆ ಹೆಂಗಸರು ಸುತ್ತುವರಿದರು. ಬಸ್ಸು, ಸಾಲು, ಟಿಕೀಟು. ಹೆಸರು ಬಂತು. ಅದರ ಮೇಲೆಯೇ ಅಪ್ಪನ ನಗು ಎದ್ದು, ಆ ಸಣ್ಣ ಹಾಲ್ ತುಂಬಿ, ಕೆಮ್ಮಾಗಿ, ಕಣ್ಣೊರೆಸಿಕೊಂಡು ನಿಂತಿತು. ಪರದೆ ಕಪ್ಪಾಯಿತು.

ಆಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದರು.

“ನನಗ ಮರತಹೋಗಿತ್ತು ನೋಡು,” ಎಂದರು ಕಡೆಗೆ, ಒಡೆದ ದನಿಯಲ್ಲಿ. “ಕಡೀ ಕಡೀಗೆ ಬರೇ ಹಣಿ ಹಣಿ ಬಡಕೋತಿದ್ರಲ್ಲಾ, ಅದss ಮುಖ ಕಣ್ಮುಂದ ಇತ್ತು. ಅವರು ಹಿಂಗ ನಗತಿದ್ರು ಅನ್ನೂದss ಮರತಿದ್ದೆ.”

“ಆಯಿ, ಹೆಸರು...”

“ಇರಲಿ ಬಿಡು. ಒಂದು ಹೆಸರಿಗೆ ಅಂಜಿ ಇವರನ್ನ ಯಾಕ ಬಿಡೂದು.” ಅವರು ಮೂಗೊರೆಸಿಕೊಂಡರು. “ಇನ್ನೊಮ್ಮೆ ಹಚ್ಚು.”

ಅವರು ಮತ್ತೆ ನೋಡುತ್ತಿರುವಾಗ ಸುಖೇಶ್ ಮೆಲ್ಲಗೆ ಎದ್ದ. ವರದಾ ಅವನ ಹಿಂದೆ ಕೆಳಗಿಳಿದು ಗೇಟಿನವರೆಗೆ ಬಂದಳು. ಹೊತ್ತು ಮುಳುಗುತ್ತಿತ್ತು, ಅದೇ ಕಟ್ಟಡದ ಹೆಂಗಸರು ಕಟ್ಟೆಯ ಮೇಲೆ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಅವನು ಸ್ಕೂಟರಿನ ಕೀಲಿಯನ್ನು ಕೈಯಲ್ಲಿ ಹಿಡಿದು ನಿಂತನೇ ಹೊರತು ಹೊರಡಲಿಲ್ಲ.

“ಅವತ್ತು ನಾ ಭಾಳ ಕೆಟ್ಟದಾಗಿ ಮಾತಾಡಿದೆ,” ಎಂದಳು ಅವಳು. “ಅವನ ಸಾಲಿನ್ಯಾಗ ನಿಮ್ಮನ್ನ ನಿಲ್ಲಸಬಾರದಿತ್ತು.”

“ನೀವು ಬೈದದ್ದು ಸರಿಯೇ. ನಾನು ಸುಳ್ಳು ಹೇಳಿದೆ. ನಿಮಗಲ್ಲ, ನನಗೇ.” ಅವನು ಕೀಲಿಯನ್ನೇ ನೋಡುತ್ತ ಹೇಳಿದ. “ನಿಮಗೋಸ್ಕರ ಆ ಹೆಸರು ತೆಗೀತೇನೆ ಅಂತ ಅಂದ್ಕೊಂಡಿದ್ದೆ. ಹಾಗಲ್ಲ. ನಿಮ್ಮ ಬಾಯಲ್ಲಿ ಆ ಹೆಸರು ಕೇಳಿದ್ರೆ ನನಗೆ ಹೊಟ್ಟೆ ಉರೀತಿತ್ತು. ಅದಕ್ಕೇ ತೆಗೆದದ್ದು.”

ವರದಾ ಕೇಳಿದಳು.

“ಈಗ?”

“ಈಗ ಕೇಳಿ ಕೇಳಿ ಬೇರೆಯೇ ಆಗಿದೆ. ಆ ಹೆಸರು ಬಂದ ಕೂಡ್ಲೆ ನನಗೆ ಖುಷಿಯಾಗ್ತದೆ. ಇನ್ನು ನಿಮ್ಮ ಅಪ್ಪ ನಗ್ತಾರೆ ಅಂತ ಗೊತ್ತಾಗ್ತದಲ್ಲ.”

ಇಷ್ಟು ವರ್ಷ ಅವಳು ಯಾವ ಹೆಸರಿಗೆ ಹೆದರಿ ಬದುಕಿದ್ದಳೋ, ಆ ಹೆಸರಿನ ಮುಳ್ಳನ್ನು ಈ ಮನುಷ್ಯ ತನ್ನ ಕಿವಿಯಲ್ಲೇ ಸವೆಸಿ ತೆಗೆದಿದ್ದ. ಅವನನ್ನು ಪ್ರೀತಿಸುತ್ತೇನೆ ಎಂಬುದು ಆ ಕ್ಷಣ ಅವಳಿಗೆ ಯಾವ ಅನುಮಾನವೂ ಇಲ್ಲದೆ ತಿಳಿಯಿತು. ತಿಳಿದದ್ದೇ ಹೆದರಿಕೆಯೂ ಆಯಿತು.

“ನೀವು ನನಗ ಬೇಕಾಗೀರಿ,” ಎಂದಳು. “ಆದರ ಮೊದಲss ಹೇಳಿಬಿಡ್ತೀನಿ. ನಾ ಇನ್ನೊಮ್ಮೆ ಆ ಹಳದಿ ಸೀರಿ ಉಟ್ಟು ನಾಲ್ಕು ಮಂದಿ ನಡುವ ಕೂತು ಒಡಪು ಹೇಳಲಾರೆ. ಬರಕೊಡೋರೂ ಇಲ್ಲ, ನಗೋರೂ ಇಲ್ಲ.”

“ಹೇಳಬೇಡಿ. ನಮ್ಮ ಕಡೆ ಆ ಪದ್ಧತಿಯೇ ಇಲ್ಲ.” ಅವನು ಮೊದಲ ಸಲ ತಲೆಯೆತ್ತಿ ಅವಳ ಕಣ್ಣನ್ನು ನೋಡಿದ. ಅವನ ಕಣ್ಣೂ ಒದ್ದೆಯಾಗಿತ್ತು. “ಸುಮ್ಮನೆ ಹೆಸರು ಹಿಡಿದು ಕರೆದ್ರೆ ಸಾಕು. ನಾನು ಬರ್ತೇನೆ.”

ಮೇಲಿನ ಮನೆಯ ಕಿಟಕಿಯಿಂದ ಅಪ್ಪನ ನಗು ಕೇಳಿತು. ಆಯಿ ಮೂರನೇ ಸಲ ಹಾಕಿಸಿರಬೇಕು. ಇಬ್ಬರೂ ಅದು ಮುಗಿಯುವವರೆಗೆ ತಲೆಯೆತ್ತಿ ನಿಂತು ಕೇಳಿದರು.

ಅವನು ಸ್ಕೂಟರ್ ಹತ್ತಿದ. ಗೇಟು ದಾಟಿ ಹತ್ತು ಮಾರು ಹೋಗಿರಬೇಕು. ವರದಾ ಒಂದು ಹೆಜ್ಜೆ ಮುಂದೆ ಬಂದು, ‘ರೀ’ ಹಚ್ಚದೆ, ‘ಅವರೇ’ ಎನ್ನದೆ, ಕಟ್ಟೆಯ ಹೆಂಗಸರಿಗೆಲ್ಲ ಕೇಳುವಂತೆ ಕರೆದಳು.

“ಸುಖೇಶ್.”

“ಓ,” ಎಂದ ಅವನು, ಗಾಡಿ ನಿಲ್ಲಿಸಿ.